ಕೆಂಪು ಮಾತ್ರೆ ಅರ್ಧಕ್ಕೆ ಬಿಡಬೇಡಿ: ದೊಡ್ಡಬಳ್ಳಾಪುರದ ಅಕ್ಕತಂಗಿಯರಿಗೆ ಬಹಿರಂಗ ಪತ್ರ

ದೊಡ್ಡಬಳ್ಳಾಪುರದ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಯುವ, ಮಗ್ಗದ ಮನೆಗಳಲ್ಲಿ ದುಡಿಯುವ ಅಕ್ಕತಂಗಿಯರೇ,

ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಕೆಂಪು ಮಾತ್ರೆಯನ್ನು ಎರಡು ವಾರ ನುಂಗಿ, ಸುಸ್ತು ಇಳಿಯಿತೆಂದೋ ಹೊಟ್ಟೆ ತೊಳಸಿತೆಂದೋ ಬಿಟ್ಟುಬಿಡುವವರು ನಿಮ್ಮಲ್ಲಿದ್ದಾರೆ. ಈ ಪತ್ರ ಅವರಿಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಗಿಂತ ಇದು ಹೆಚ್ಚು. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ರಕ್ತ ಹುಟ್ಟುವ ಬಗೆ ತಿಳಿದರೆ ಮಾತ್ರೆ ಬಿಡಲು ಮನಸ್ಸಾಗದು. ಸೊಂಟ, ಎದೆ, ಬೆನ್ನಿನ ಮೂಳೆಗಳ ಮಜ್ಜೆಯಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳು ತಯಾರಾಗುತ್ತವೆ. ಆಮ್ಲಜನಕ ಸಾಲದಾದರೆ ಮೂತ್ರಪಿಂಡ ಎರಿತ್ರೊಪೊಯೆಟಿನ್ ಎಂಬ ಹಾರ್ಮೋನು ಕಳಿಸಿ ಮಜ್ಜೆಯನ್ನು ಚುರುಕುಗೊಳಿಸುತ್ತದೆ. ಎಳೆಯ ಕಣ ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಚಿಕ್ಕದಾಗುತ್ತದೆ, ಕಬ್ಬಿಣ ಬೇಡುವ ಹಿಮೋಗ್ಲೋಬಿನ್ ತುಂಬಿಕೊಳ್ಳುತ್ತದೆ, ಕಡೆಗೆ ತನ್ನ ನ್ಯೂಕ್ಲಿಯಸ್ಸನ್ನೇ ಹೊರಗೆ ದಬ್ಬುತ್ತದೆ. ಅದನ್ನು ಸಾಕುತ್ತಿದ್ದ ಮ್ಯಾಕ್ರೊಫೇಜ್ ಎಂಬ ದೊಡ್ಡ ಕೋಶ ಆ ನ್ಯೂಕ್ಲಿಯಸ್ಸನ್ನು ನುಂಗುತ್ತದೆ. ಇದಕ್ಕೆಲ್ಲ ಹೆಚ್ಚುಕಡಿಮೆ ಒಂದು ವಾರ. ಅರೆಬಲಿತ ಕಣ ರಕ್ತಕ್ಕಿಳಿದು ಒಂದೆರಡು ದಿನದಲ್ಲಿ ಪೂರ್ತಿ ಬಲಿಯುತ್ತದೆ, ಸುಮಾರು 120 ದಿನ ಬಾಳುತ್ತದೆ.

ಹಾಗಾಗಿ ಎರಡು ವಾರದ ಮಾತ್ರೆಯಿಂದ ಒಳ್ಳೆಯ ಕಣಗಳು ಹುಟ್ಟತೊಡಗಿರುತ್ತವೆ, ಅಷ್ಟೇ. ಕಬ್ಬಿಣ ಸಾಲದೆ ಹುಟ್ಟಿದ ಹಳೆಯವು ಇನ್ನೂ ರಕ್ತದಲ್ಲಿ ಹರಿಯುತ್ತಿರುತ್ತವೆ. ಸತ್ತ ಕಣಗಳ ಕಬ್ಬಿಣವನ್ನು ಗುಲ್ಮ ಬಿಡಿಸಿಕೊಂಡು ಮಜ್ಜೆಗೆ ಮರಳಿಸುತ್ತದೆ, ಹಳೇ ರೇಷ್ಮೆ ಸೀರೆಯಿಂದ ಜರಿ ತೆಗೆದಂತೆ. ದಿನಕ್ಕೆ 20–25 ಮಿಲಿಗ್ರಾಂ ಹೀಗೆ ಬರುತ್ತದೆ. ಊಟದಿಂದ ಮೈಗೆ ಹತ್ತುವುದು 1–2 ಮಿಲಿಗ್ರಾಂ ಮಾತ್ರ. ಮುಟ್ಟು, ಹೆರಿಗೆಯಲ್ಲಿ ಹೋದ ಕಬ್ಬಿಣ ಇಷ್ಟರಲ್ಲೇ ತುಂಬಿಬರಬೇಕು. ಹಿಮೋಗ್ಲೋಬಿನ್ ಸರಿಯಾದ ಮೇಲೂ ದಾಸ್ತಾನು ತುಂಬಲು ಇನ್ನೂ ಎರಡು ಮೂರು ತಿಂಗಳು ಮಾತ್ರೆ ಬೇಕಾಗುವುದು ಅದಕ್ಕೇ.

ಮಾತ್ರೆಯ ಜೊತೆಗೂ ಊಟದ ಬೆನ್ನಿಗೂ ಟೀ ಕುಡಿಯಬೇಡಿ, ಅದು ಕಬ್ಬಿಣ ಒಳಸೇರುವುದನ್ನು ತಡೆಯುತ್ತದೆ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕೂಡ ತಡೆಯುತ್ತದೆ. ಮುದ್ದೆ ಬಿಡಿ ಎನ್ನುತ್ತಿಲ್ಲ, ಖಂಡಿತ ಇಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಬೀಸಿಸಿ, ಬಸ್ಸಾರಿಗೆ ನಿಂಬೆ ಹಿಂಡಿ, ಕಾಲಕ್ಕೆ ಸಿಕ್ಕರೆ ನಾಲ್ಕು ತೊಳೆ ದೇವನಹಳ್ಳಿ ಚಕ್ಕೋತ ತಿನ್ನಿ. ಮಲ ಕಪ್ಪಾದರೆ ಅದು ಮಾತ್ರೆಯ ಬಣ್ಣ, ಹೆದರಬೇಡಿ. ಹೊಟ್ಟೆ ತೊಳಸಿದರೆ ನೀವಾಗಿ ನಿಲ್ಲಿಸದೆ, ಮಾತ್ರೆಯ ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಮುಟ್ಟಿನಲ್ಲಿ ವಿಪರೀತ ಹೋಗುತ್ತಿದ್ದರೆ ನಾಚಿಕೆಪಡದೆ ಹೇಳಿ. ಕಾರಣ ಹಾಗೇ ಉಳಿದರೆ ಮಾತ್ರೆಯೊಂದೇ ಏನು ಮಾಡೀತು?

ಮನೆಯ ಗಂಡಸರೇ, ಅತ್ತೆಯಂದಿರೇ, ನಿಮಗೂ ಒಂದು ಮಾತು. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವವಳ ತಟ್ಟೆಗೆ ಸೊಪ್ಪು, ಕಾಳು, ಮೊಟ್ಟೆ ಮೊದಲು ಬೀಳಲಿ. ಆಕೆ ರಕ್ತಪರೀಕ್ಷೆಗೆ ಹೋಗಬೇಕಾದ ದಿನ ಮನೆಗೆಲಸ ನೀವು ನೋಡಿಕೊಳ್ಳಿ.