ಸಿಂಧನೂರಿಗೊಂದು ಟರ್ಫ್ ಕ್ಲಬ್

ರಾಯಚೂರು ಜಿಲ್ಲೆಯ ಪೊಲೀಸ್ ಪ್ರಕಟಣೆಗಳನ್ನು ಬಿಡದೆ ಓದುವವರಿಗೆ ಈ ಕಥೆ ಬಾಯಿಪಾಠ. ಆರೋಪಿ ಸಾರ್ವಜನಿಕ ಸ್ಥಳದಲ್ಲಿ ನಿಂತು, ಒಂದು ರೂಪಾಯಿಗೆ ಎಂಬತ್ತು ಕೊಡುವುದಾಗಿ ಕೂಗಿ, ಮಟ್ಕಾ ನಂಬರ್ ಬರೆದುಕೊಳ್ಳುತ್ತಿದ್ದ. ಊರು ಸಿಂಧನೂರಿನ ಕ್ಯಾಂಪಾದರೂ ಅಷ್ಟೆ, ಲಿಂಗಸುಗೂರಾದರೂ ಅಷ್ಟೆ, ಮಸ್ಕಿಯಾದರೂ ಅಷ್ಟೆ. ಜಪ್ತಿಯಾದ ಮಾಲು: ಒಂದಿಷ್ಟು ನಗದು, ಒಂದು ಮಟ್ಕಾ ಚೀಟಿ, ಒಂದು ಬಾಲ್ ಪೆನ್.

ಅವನನ್ನು ಹಿಡಿದ ಅದೇ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಬೆಂಗಳೂರಿನ ರೇಸ್ ಕೋರ್ಸ್ ಗೇಟಿನ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತದೆ. ಒಳಗೆ ಕೌಂಟರಿನಲ್ಲಿ ಹಣ ಕಟ್ಟಿ ಚೀಟಿ ಪಡೆದವನು ಜೂಜುಕೋರನಲ್ಲ, ಕುಶಲಿ. ಕುದುರೆ ಪಂದ್ಯ ಅದೃಷ್ಟದ ಆಟವಲ್ಲ, ಕೌಶಲದ್ದು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ತೀರ್ಪು ಕೊಟ್ಟಿದೆ. ಕುದುರೆಯ ವಂಶ ನೋಡಬೇಕು, ತರಬೇತಿ ನೋಡಬೇಕು, ಜಾಕಿಯ ಕೈ ನೋಡಬೇಕು. ಸರಿ, ತಲೆಬಾಗಿದೆವು. ಆದರೆ ನಮ್ಮ ಮಟ್ಕಾದವನ ಅಭ್ಯಾಸವೇನು ಕಡಿಮೆಯೇ? ನಿನ್ನೆಯ ಓಪನ್, ಮೊನ್ನೆಯ ಕ್ಲೋಸ್, ವಾರದ ಚಾರ್ಟು, ಬೆಳಗಿನ ಜಾವದ ಕನಸು, ಹೆಂಡತಿ ತವರಿಗೆ ಹತ್ತಿದ ಬಸ್ಸಿನ ನಂಬರು, ಇಷ್ಟನ್ನೂ ಕೂಡಿ ಕಳೆದು ಒಂದು ಅಂಕಿಗೆ ಬರುತ್ತಾನೆ. ಸೋತದ್ದು ಒಂದೇ ಕಡೆ: ಅವನ ಅಂಕಿಗೆ ಅಪ್ಪ ಅಮ್ಮನ ಹೆಸರಿಲ್ಲ.

ಹಾಗೆಂದು ಕೌಶಲಕ್ಕೆ ತೆರಿಗೆ ವಿನಾಯಿತಿ ಇದೆಯೆಂದುಕೊಳ್ಳಬೇಡಿ. ಮೈಸೂರು ಸಂಸ್ಥಾನ 1932ರಲ್ಲೇ ಬಾಜಿ ತೆರಿಗೆಯ ಕಾಯ್ದೆ ತಂದಿತ್ತು. ನಾವಾಗ ನಿಜಾಮರ ಪ್ರಜೆಗಳು, ಬಚಾವಾದೆವು. 2017ರಲ್ಲಿ ಜಿಎಸ್‌ಟಿ ಬಂದು, ಕಟ್ಟಿದ ಬಾಜಿಯ ಪೂರ್ತಿ ಮೊತ್ತದ ಮೇಲೆ ನೂರಕ್ಕೆ 28 ಎಂದಿತು. ರೇಸ್ ಕೋರ್ಸ್ ನಡೆಸುವ ಬೆಂಗಳೂರು ಟರ್ಫ್ ಕ್ಲಬ್ಬು ಹೈಕೋರ್ಟಿಗೆ ಹೋಗಿ, ತೆರಿಗೆ ನಮ್ಮ ಕಮಿಷನ್ನಿಗೆ ಮಾತ್ರ ಎಂದು 2021ರಲ್ಲಿ ಗೆದ್ದಿತು. 2023ರಲ್ಲಿ ಕಾನೂನನ್ನೇ ತಿದ್ದಿ ಮತ್ತೆ ಪೂರ್ತಿ ಮೊತ್ತಕ್ಕೆ ಕೈ ಹಾಕಿದರು. 2025ರ ಸೆಪ್ಟೆಂಬರ್ 22ರಿಂದ ಅದು 40. ಕೋರ್ಟು ಕೌಶಲವೆಂದದ್ದನ್ನು ಜಿಎಸ್‌ಟಿ ಮಂಡಳಿ ಕ್ಯಾಸಿನೋ, ಲಾಟರಿಗಳ ಸಾಲಿನಲ್ಲಿ ಕೂರಿಸಿತು. ಕುದುರೆ ಗೇಟು ದಾಟುವ ಮೊದಲೇ ಸರ್ಕಾರ ಗೆದ್ದಾಗಿರುತ್ತದೆ. ನಮ್ಮ ಮಟ್ಕಾದಿಂದ ಅದಕ್ಕೆ ಸಿಗುವುದು ಬಾಲ್ ಪೆನ್ ಮಾತ್ರ. ಸಿಟ್ಟು ಬರುವುದು ಸಹಜ.

ಇನ್ನು ಜಾಗದ ವಿಚಾರ. ಬೆಂಗಳೂರು ಟರ್ಫ್ ಕ್ಲಬ್ ಇರುವುದು ನಗರದ ನಟ್ಟನಡುವಿನ ಸುಮಾರು 85 ಎಕರೆ ಸರ್ಕಾರಿ ನೆಲದಲ್ಲಿ. ಗುತ್ತಿಗೆ 2009ರ ಡಿಸೆಂಬರ್ 31ಕ್ಕೆ ಮುಗಿಯಿತು. ಮುಗಿದದ್ದು ಗುತ್ತಿಗೆ, ಪ್ರಕರಣ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು, ಕುದುರೆಗಳು ವರ್ಷಗಟ್ಟಲೆ ಓಡುತ್ತಲೇ ಇದ್ದವು. ಇತ್ತ ಲಿಂಗಸುಗೂರಿನ ಕಡೆ ಗಾಯರಾಣದಲ್ಲಿ ಎರಡೆಕರೆ ಉತ್ತುಕೊಂಡವನು ಸಕ್ರಮಕ್ಕೆಂದು ಫಾರಂ 57 ತುಂಬಿ ತಹಸೀಲ್ದಾರ್ ಕಚೇರಿಯ ಕಟ್ಟೆ ಸವೆಸುತ್ತಾನೆ. ಅವನಿಗೆ ಯಾರಾದರೂ ನಾಲ್ಕು ಕಾಲು, ಒಂದು ಬಾಲ ಕೊಡಿಸಬಾರದೇ? ಮಸ್ಕಿಯ ಬಂಡೆಯ ಮೇಲೆ ಅಶೋಕ ತನ್ನ ಹೆಸರು ಸಮೇತ ಶಾಸನ ಕೆತ್ತಿಸಿದ. ಅದು ಲೋಕದ ಕಣ್ಣಿಗೆ ಬಿದ್ದದ್ದು 1915ರಲ್ಲಿ, ಎರಡು ಸಾವಿರ ವರ್ಷ ದಾಟಿದ ಮೇಲೆ. ಗುತ್ತಿಗೆ ಪತ್ರದ ಕೊನೆಯ ತಾರೀಕು ಓದಲು ವಿಧಾನಸೌಧಕ್ಕೂ ಅಷ್ಟು ಕಾಲಾವಕಾಶ ಕೊಡಬೇಕಾದದ್ದು ನ್ಯಾಯ.

ಕೌಶಲದ ಬಾಜಿಯೇ ಬೇಕಿದ್ದರೆ ತುಂಗಭದ್ರಾ ಎಡದಂಡೆ ಕಾಲುವೆಗೆ ಬನ್ನಿ. ಎರಡನೇ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ತಿಳಿಯದೆ ಸಸಿಮಡಿ ಹಾಕುವವನು ಸಿಂಧನೂರಿನ ರೈತ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಅವನ ಬಾಜಿ ಹೊಳೆಯಲ್ಲಿ ತೇಲಿತ್ತು. ಮಸ್ಕಿ ಕಡೆಯ ಟೇಲ್ ಎಂಡಿನವನಂತೂ ಮೇಲಿನವರ ಪಂಪ್‌ಸೆಟ್ಟು, ಗೇಜು, ಸಲಹಾ ಸಮಿತಿಯ ಸಭೆ, ಶಾಸಕರ ಮುಖಭಾವ, ಎಲ್ಲವನ್ನೂ ಅಳೆದು ಆಡುತ್ತಾನೆ. ವಂಶ ಬೇಕೇ? ಅಪ್ಪನೂ ಇದನ್ನೇ ಆಡಿ ಸಾಲ ಬಿಟ್ಟು ಹೋಗಿದ್ದಾನೆ. ತೆರಿಗೆ? ಹೊಡೆಯುವ ಎಣ್ಣೆಗೆ ನೂರಕ್ಕೆ 18, ಪೈರು ಉಳಿದರೂ ಕಟ್ಟಬೇಕು, ಒಣಗಿದರೂ ಕಟ್ಟಬೇಕು.

ಆದ್ದರಿಂದ ಮೂರೂ ತಾಲ್ಲೂಕಿನವರ ಪರವಾಗಿ ಒಂದು ಅರ್ಜಿ. ನಮಗೂ ಒಂದು ಟರ್ಫ್ ಕ್ಲಬ್ ಮಂಜೂರು ಮಾಡಬೇಕು. ಕುದುರೆ ಇಲ್ಲದಿದ್ದರೂ ಚಿಂತೆಯಿಲ್ಲ, ಕಾಲುವೆ ನೀರನ್ನೇ ಓಡಿಸುತ್ತೇವೆ. 85 ಎಕರೆಯೂ ಬೇಡ, ಎಷ್ಟು ಕೊಟ್ಟರೂ ಸಾಕು. ಗುತ್ತಿಗೆ ಪತ್ರ ಮಾತ್ರ ದಯವಿಟ್ಟು ಅವಧಿ ಮುಗಿದದ್ದನ್ನೇ ಕೊಡಿಸಬೇಕು.