ಬೈಟು ಮೀಮಾಂಸೆ

ಮೀಮಾಂಸಕರ ಪ್ರಕಾರ ಯಾವುದೇ ಅಧಿಕರಣಕ್ಕೆ ಐದು ಅಂಗಗಳಿರಬೇಕು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಇವುಗಳಲ್ಲಿ ಮೊದಲ ನಾಲ್ಕನ್ನು ಈ ಪ್ರಬಂಧದಲ್ಲಿ ಶಾಸ್ತ್ರೋಕ್ತವಾಗಿ ನಿರ್ವಹಿಸಲಾಗುವುದು. ಐದನೆಯದಾದ ಸಂಗತಿ, ಅಂದರೆ ಹಿಂದಿನದಕ್ಕೂ ಮುಂದಿನದಕ್ಕೂ ಇರಬೇಕಾದ ಹೊಂದಾಣಿಕೆ, ಕರ್ನಾಟಕದ ರಾಜಕಾರಣವನ್ನು ಕೈಗೆತ್ತಿಕೊಂಡವನಿಗೆ ದಕ್ಕುವಂಥದ್ದಲ್ಲ, ಆದ್ದರಿಂದ ಕೈಬಿಡಲಾಗಿದೆ. ವಿದ್ವಾಂಸರು ಕ್ಷಮಿಸಬೇಕು, ಶಾಸಕರು ಕ್ಷಮಿಸದಿದ್ದರೂ ನಡೆಯುತ್ತದೆ.

ವಿಷಯ ಇಷ್ಟೇ. 2018ರ ಮೇ ತಿಂಗಳಿಂದ 2019ರ ಕೊನೆಯವರೆಗೆ ಈ ರಾಜ್ಯದಲ್ಲಿ ಸರ್ಕಾರ ಏಳುವುದು, ಬೀಳುವುದು, ಮತ್ತೆ ಏಳುವುದು ನಡೆದೇ ಇತ್ತು. ಅದೇ ಅವಧಿಯಲ್ಲಿ ನಮ್ಮ ಬಡಾವಣೆಯ ದರ್ಶಿನಿಯಲ್ಲಿ ಎದುರು ಬದುರು ಪಕ್ಷಗಳ ಇಬ್ಬರು ಹಿರಿಯರು ಒಂದೇ ಕಾಫಿಯನ್ನು ಬೈಟು ಮಾಡಿ ಕುಡಿಯುತ್ತಿದ್ದರು. ಒಬ್ಬರು ನಿವೃತ್ತ ಮೇಷ್ಟ್ರು, ಕಮಲದವರು. ಇನ್ನೊಬ್ಬರು ಗೌಡ್ರು, ತೆನೆ ಹೊತ್ತ ಮಹಿಳೆಯ ಕಡೆಯವರು. ಇಷ್ಟು ದಿನಗಳಲ್ಲಿ ಒಬ್ಬರೂ ಲೋಟ ಎತ್ತಿ ಇನ್ನೊಬ್ಬರ ಮುಖಕ್ಕೆ ಎರಚಲಿಲ್ಲ. ಸಂಶಯ: ಯಾಕೆ ಎರಚಲಿಲ್ಲ? ಕಾಫಿ ದುಬಾರಿ ಎಂದೋ, ಬೇರೇನಾದರೂ ಕಾರಣ ಉಂಟೋ?

ಮೊದಲು ಕಾಲನಿರ್ಣಯ. ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ, ರಾಮಕೃಷ್ಣ ಹೆಗಡೆಯವರದು, ಬಂದದ್ದು 1983ರ ಜನವರಿಯಲ್ಲಿ. ಜಯನಗರದಲ್ಲಿ ಕೆಫೆ ದರ್ಶಿನಿ ಬಾಗಿಲು ತೆರೆದದ್ದೂ 1983ರಲ್ಲೇ. ಅಲ್ಲಿಯವರೆಗೆ ಹೆಚ್ಚುಕಡಿಮೆ ಒಂದೇ ಪಕ್ಷದ ಮನೆಯ ಆಸ್ತಿಯಾಗಿದ್ದ ಕುರ್ಚಿಗೆ ನಿಜವಾದ ಪೈಪೋಟಿ ಶುರುವಾದ ವರ್ಷವೇ ಕುರ್ಚಿಯನ್ನೇ ತೆಗೆದುಹಾಕಿದ ಹೋಟೆಲು ಹುಟ್ಟಿತು. ಇದನ್ನು ಕಾಕತಾಳೀಯ ಎನ್ನುವವರು ಸಂಶೋಧನೆಗೆ ನಾಲಾಯಕ್ಕು. ದರ್ಶಿನಿಯಲ್ಲಿ ಟೋಕನ್ ತೆಗೆದುಕೊಂಡವರೆಲ್ಲ ನಿಂತೇ ತಿನ್ನಬೇಕು; ಮಾಜಿಗಳೂ ಹಾಲಿಗಳೂ ನಿಂತೇ. ಇರುವ ಮೇಜಿಗೆ ಮೊಣಕೈ ಊರಿದ ಮೇಲೆ ಪಕ್ಕದವನ ಚಟ್ನಿಯ ಬಟ್ಟಲು ನಿಮ್ಮ ಕಡೆ ಬಂದೇ ಬರುತ್ತದೆ. ಮಾತೂ ಅದರ ಹಿಂದೆಯೇ.

ಇನ್ನು ಬೈಟುವಿನ ಗಣಿತ. ಇದನ್ನು ಹತ್ತಿರದಿಂದ ನೋಡದೆ ಬರೆದವರು ಬಹಳ ಮಂದಿ. ಕೌಂಟರಿನ ಹುಡುಗ ಎರಡು ಗಾಜಿನ ಲೋಟಗಳನ್ನು ಅಂಚಿಗೆ ಅಂಚು ತಾಗಿಸಿ ಇಡುತ್ತಾನೆ. ಡಿಕಾಕ್ಷನ್ನನ್ನು ಒಂದೇ ಎಳೆಯಲ್ಲಿ, ಕೈ ನಿಲ್ಲಿಸದೆ, ಈ ಲೋಟದಿಂದ ಆ ಲೋಟಕ್ಕೆ ದಾಟಿಸುತ್ತಾನೆ. ನಡುವಿನ ಅಂಚಿನ ಮೇಲೆ ಬಿದ್ದ ಕಂದು ಹನಿ ಜಾರಿ ಕೆಳಗಿನ ಸ್ಟೀಲಿಗೆ ಅಂಟುತ್ತದೆ. ಆಮೇಲೆ ಮೊಳದೆತ್ತರದಿಂದ ಕುದಿಯುವ ಹಾಲು. ನೊರೆ ಏಳುತ್ತದೆ. ನೋಡಿದರೆ ಎರಡೂ ಲೋಟ ಮುಕ್ಕಾಲು. ಕೊಟ್ಟ ದುಡ್ಡು ಒಂದಕ್ಕೆ, ಬಂದದ್ದು ಒಂದೂವರೆ. ಈ ಹೆಚ್ಚುವರಿ ಅರ್ಧ ಎಲ್ಲಿಂದ ಬಂತು? ಅದು ನೊರೆ, ಆದ್ದರಿಂದ ಭ್ರಾಂತಿ ಎನ್ನುವುದು ಲೆಕ್ಕಪತ್ರದವರ ಮತ. ಅದು ಕೌಂಟರಿನ ಹುಡುಗನ ಕೈಗುಣ, ಆದ್ದರಿಂದ ಸತ್ಯ ಎನ್ನುವುದು ನಮ್ಮ ಮತ.

ಇದೇ ಬೈಟುವನ್ನು ವಿಧಾನಸೌಧದಲ್ಲಿ ಮಾಡಿ ನೋಡಿದಾಗ ಏನಾಯಿತೆಂಬುದು ಎಲ್ಲರಿಗೂ ತಿಳಿದದ್ದೇ. 2018ರ ಮೇ ತಿಂಗಳಲ್ಲಿ 222 ಕ್ಷೇತ್ರಗಳ ಫಲಿತಾಂಶ ಬಂತು: ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ಜೆಡಿಎಸ್ಸಿಗೆ 37. ಮೇ 17ರಂದು ಪ್ರಮಾಣವಚನ ತೆಗೆದುಕೊಂಡ ಯಡಿಯೂರಪ್ಪನವರು 19ಕ್ಕೆ ರಾಜೀನಾಮೆ ಕೊಟ್ಟರು. 78 ಮತ್ತು 37 ಬೈಟು ಮಾಡಿಕೊಂಡವು, ಲೋಟ ಚಿಕ್ಕದಿದ್ದವರಿಗೇ ಸಕ್ಕರೆ ಸಿಕ್ಕಿತು. ಆದರೆ ಎರಡು ತಿಂಗಳು ತುಂಬುವಷ್ಟರಲ್ಲಿ ಮುಖ್ಯಮಂತ್ರಿಯಾದ ಜೆಡಿಎಸ್ಸಿನ ಕುಮಾರಸ್ವಾಮಿಯವರು ಸಭೆಯೊಂದರಲ್ಲಿ ಕಣ್ಣೀರು ಹಾಕಿ ತಾವು ವಿಷಕಂಠನಾಗಿದ್ದೇನೆ ಎಂದುಬಿಟ್ಟರು. ಲೋಟದಲ್ಲಿದ್ದದ್ದು ಸಕ್ಕರೆಯಲ್ಲವೆಂದು ನಾಡಿಗೆ ಗೊತ್ತಾದದ್ದು ಆಗ. 2019ರ ಜುಲೈ 23ರಂದು ವಿಶ್ವಾಸಮತಕ್ಕೆ ಹಾಕಿದಾಗ ಈ ಕಡೆ 99, ಆ ಕಡೆ 105. ಕೂಡಿದರೆ 204. ಮಿಕ್ಕವರು ಯಾವ ಲೋಟಕ್ಕೂ ಬೀಳದೆ ಅಂಚಿನಿಂದ ಜಾರಿದ್ದರು. ಒಂದು ಕಾಫಿಯಿಂದ ಒಂದೂವರೆ ತೆಗೆಯುವ ವಿದ್ಯೆ ಕೌಂಟರಿನ ಹುಡುಗನಿಗೆ ಗೊತ್ತಿತ್ತು, ಮೈತ್ರಿ ಸರ್ಕಾರದ ಸಮನ್ವಯ ಸಮಿತಿಗೆ ಗೊತ್ತಿರಲಿಲ್ಲ.

ಪ್ರಮಾಣಗಳ ವಿಚಾರಕ್ಕೆ ಬರೋಣ. ಆ ದಿನಗಳಲ್ಲಿ ಪ್ರತ್ಯಕ್ಷ ಪ್ರಮಾಣ ಪೂರ್ತಿ ಕೈಕೊಟ್ಟಿತ್ತು. ಶಾಸಕರು ಕಣ್ಣಿಗೆ ಬೀಳುತ್ತಿರಲಿಲ್ಲ. ಕಾಣುತ್ತಿದ್ದದ್ದು ಬಸ್ಸಿನ ಕಿಟಕಿಗೆ ಎಳೆದ ಪರದೆ ಮಾತ್ರ. ಹಾಗಾಗಿ ಜನ ಅನುಮಾನ ಪ್ರಮಾಣಕ್ಕೆ ಮೊರೆಹೋದರು. ನೈಯಾಯಿಕರು ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸುತ್ತಾರೆ. ನಮ್ಮವರು ಬೆಟ್ಟದ ಬಳಿ ಶಾಸಕರನ್ನು ಕಂಡರೆ ಎಲ್ಲೋ ಸರ್ಕಾರ ಅಲ್ಲಾಡುತ್ತಿದೆ ಎಂದು ಊಹಿಸುತ್ತಾರೆ. ಈ ವ್ಯಾಪ್ತಿ ಹಳೆಯದು. 1984ರ ಆಗಸ್ಟಿನಲ್ಲಿ ಆಂಧ್ರದ ರಾಜ್ಯಪಾಲರು ಎನ್.ಟಿ. ರಾಮರಾವ್ ಅವರನ್ನು ವಜಾ ಮಾಡಿದಾಗ ಅವರ ಶಾಸಕರನ್ನು ಕಾಪಾಡಿ ಇಟ್ಟುಕೊಂಡದ್ದು ಹೆಗಡೆಯವರ ಕರ್ನಾಟಕ, ಅದೂ ನಂದಿ ಬೆಟ್ಟದಲ್ಲಿ. ಮುಂದಿನ ತಿಂಗಳೇ ರಾಮರಾವ್ ಮತ್ತೆ ಮುಖ್ಯಮಂತ್ರಿಯಾದರು. ಮೂವತ್ತೈದು ವರ್ಷ ಕಳೆದ ಮೇಲೆ, 2019ರ ಜುಲೈಯಲ್ಲಿ, ಜೆಡಿಎಸ್ ಶಾಸಕರು ಬಿಡಾರ ಹೂಡಿದ್ದೂ ಅದೇ ಬೆಟ್ಟದ ತಪ್ಪಲಿನ ರೆಸಾರ್ಟಿನಲ್ಲಿ. ಬೆಟ್ಟ ಬದಲಾಗಿಲ್ಲ, ಹೇತು ಬದಲಾಗಿಲ್ಲ. ಊಟದ ಮೆನು ಸುಧಾರಿಸಿರಬಹುದು.

ಇನ್ನೊಂದು ಪ್ರಮಾಣ ಅನುಪಲಬ್ಧಿ, ಅಂದರೆ ಇಲ್ಲದ್ದನ್ನು ಕಾಣದಿರುವುದರಿಂದಲೇ ತಿಳಿಯುವುದು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಇದನ್ನು ಒಪ್ಪುತ್ತಾರೆ, ನೈಯಾಯಿಕರು ಒಪ್ಪುವುದಿಲ್ಲ. ನೈಯಾಯಿಕರು ನಮ್ಮ ಕ್ಷೇತ್ರದಲ್ಲಿ ವಾಸವಿದ್ದಿದ್ದರೆ ಒಪ್ಪುತ್ತಿದ್ದರು. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ 'ನಿಖಿಲ್ ಎಲ್ಲಿದ್ದೀಯಪ್ಪಾ' ಎಂಬ ಮಾತು ಊರೂರು ಸುತ್ತಿದ್ದಕ್ಕೆ ಇದೇ ಕಾರಣವಿರಬೇಕು. ಅಪ್ಪ ಕುಮಾರಸ್ವಾಮಿ ವೇದಿಕೆಯಲ್ಲಿ ನಿಂತು ಮಗ ನಿಖಿಲ್‌ನನ್ನು ಕರೆದದ್ದು ಹಳೆಯ ಸಿನಿಮಾ ಸಮಾರಂಭದಲ್ಲಿ. ಅದನ್ನು ಮಂಡ್ಯದ ಕಣಕ್ಕೆ ಎಳೆತಂದದ್ದು ಜನ. ಆಮೇಲೆ ಅದಕ್ಕೆ ಪಕ್ಷ ಉಳಿಯಲಿಲ್ಲ. ಊಟಕ್ಕೆ ಬಾರದ ಮಗನನ್ನು ತಾಯಂದಿರು ಹಾಗೆ ಕರೆದರು, ಹಾಜರಿ ಕೂಗುವಾಗ ಮೇಷ್ಟರುಗಳು ಕರೆದರು, ಕಳೆದುಹೋದ ಚಪ್ಪಲಿಯನ್ನು ದೇವಸ್ಥಾನದ ಮುಂದೆ ಹಾಗೆಯೇ ಹುಡುಕಿದವರನ್ನು ನಾನು ಕಂಡಿದ್ದೇನೆ. ನಮ್ಮ ಗೌಡ್ರಿಗೆ ಮೊದಮೊದಲು ಇದು ನುಂಗಲಾರದ ತುತ್ತು. ಒಂದು ದಿನ ಮೇಷ್ಟ್ರು ತಡವಾಗಿ ಬಂದರು. ಗೌಡ್ರೇ ರಾಗವಾಗಿ ಕೂಗಿದರು: "ಮೇಷ್ಟ್ರೇ, ಎಲ್ಲಿದ್ದೀರಪ್ಪಾ?" ಇಡೀ ಹೋಟೆಲು ನಕ್ಕಿತು. ತನ್ನ ಕಡೆಯ ಗೇಲಿಯನ್ನು ತಾನೇ ಎತ್ತಿ ಆಡಿದವನ ಬಾಯಿ ಮುಚ್ಚಿಸಲು ಯಾವ ಪಕ್ಷದ ಐಟಿ ಸೆಲ್ಲಿಗೂ ಆಗುವುದಿಲ್ಲ.

ಶಬ್ದಪ್ರಮಾಣವೆಂದರೆ ಆಪ್ತವಾಕ್ಯ. ಟಿವಿಯ ಬ್ರೇಕಿಂಗ್ ನ್ಯೂಸು ಆಪ್ತವಾಕ್ಯ ಹೌದೋ ಅಲ್ಲವೋ ಎಂಬ ಚರ್ಚೆಗೆ ಇಲ್ಲಿ ಜಾಗವಿಲ್ಲ, ಬೇಕಾಗಿಯೂ ಇಲ್ಲ. ಆದರೆ ವಾಟ್ಸಾಪ್ ಜೋಕಿಗೆ ಪ್ರಾಮಾಣ್ಯವಿದೆ ಎಂಬುದಕ್ಕೆ ಸುಪ್ರೀಂ ಕೋರ್ಟೇ ಸಾಕ್ಷಿ. 2018ರ ಮೇ 18ರಂದು ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅವರ ಪೀಠದ ಮುಂದೆ ಕರ್ನಾಟಕದ ಬಹುಮತದ ವಿಚಾರಣೆ ನಡೆದಿತ್ತು. ಮೇ 16ರ ರಾತ್ರಿ ಅದೇ ಪೀಠ ಬೆಳಗಿನ ಜಾವದವರೆಗೆ ಕೂತು ವಾದ ಕೇಳಿತ್ತು. ಅಂಥ ಹೊತ್ತಿನಲ್ಲಿ ನ್ಯಾಯಮೂರ್ತಿಗಳು ತಮಗೆ ಬಂದ ಒಂದು ಸಂದೇಶವನ್ನು ತೆರೆದ ನ್ಯಾಯಾಲಯದಲ್ಲಿ ಹೇಳಿದರು: ಶಾಸಕರೆಲ್ಲ ನನ್ನ ಬಳಿ ಇದ್ದಾರೆ, ನನ್ನನ್ನೇ ಮುಖ್ಯಮಂತ್ರಿ ಮಾಡಿ ಎಂದು ರೆಸಾರ್ಟಿನ ಮಾಲೀಕರು ಕೇಳುತ್ತಿದ್ದಾರಂತೆ. ಯಾವ ಹುಡುಗ ಯಾವ ಬಸ್ಸಿನಲ್ಲಿ ಕೂತು ಅದನ್ನು ಮೊದಲು ಟೈಪು ಮಾಡಿದನೋ ಯಾರಿಗೂ ಗೊತ್ತಿಲ್ಲ. ಅಜ್ಞಾತಕರ್ತೃಕವಾದ ಈ ವಾಕ್ಯ ಬಾಯಿಂದ ಬಾಯಿಗೆ ಹರಿದು ಸರ್ವೋಚ್ಚ ನ್ಯಾಯಾಲಯ ಮುಟ್ಟಿತು. ನಮ್ಮಲ್ಲಿ ಅಹವಾಲುಗಳು ತಾಲ್ಲೂಕು ಕಚೇರಿ ದಾಟುವುದಕ್ಕೇ ವರ್ಷ ಬೇಕು. ಜೋಕು ದೆಹಲಿ ಮುಟ್ಟುವುದಕ್ಕೆ ಬಹಳ ಹೊತ್ತು ಬೇಕಾಗಲಿಲ್ಲ.

ಮೇಲಿನವರಿಗೂ ಈ ಗುಣ ಒಮ್ಮೊಮ್ಮೆ ಅಂಟುತ್ತದೆ ಎಂದು ಒಪ್ಪಿಕೊಳ್ಳದಿದ್ದರೆ ಪಕ್ಷಪಾತವಾದೀತು. 2019ರ ಜುಲೈ 18ರ ರಾತ್ರಿ ಬಿಜೆಪಿ ಶಾಸಕರು ಸದನದೊಳಗೇ ಅಹೋರಾತ್ರಿ ಧರಣಿ ಮಾಡಿ, ದಿಂಬು ಹೊದಿಕೆ ತರಿಸಿ ಮಲಗಿದರು. ಮರುದಿನ ಬೆಳಿಗ್ಗೆ ಅವರಿಗೆ ತಿಂಡಿಯ ವ್ಯವಸ್ಥೆ ಮಾಡಿ, ಜೊತೆಗೆ ಕೂತು ತಿಂದದ್ದು ಯಾರು? ಯಾವ ಸರ್ಕಾರವನ್ನು ಬೀಳಿಸಲು ಅವರು ಮಲಗಿದ್ದರೋ ಅದರ ಉಪಮುಖ್ಯಮಂತ್ರಿ ಜಿ. ಪರಮೇಶ್ವರ. ಕೆಲವರಿಗೆ ಬಿಪಿ ಇದೆ, ಶುಗರ್ ಇದೆ, ನೋಡಿಕೊಳ್ಳಬೇಕು ಎಂಬರ್ಥದ ಮಾತನ್ನೂ ಅವರು ಆಡಿದರು. ಕೆಲವೇ ದಿನಗಳಲ್ಲಿ ಸರ್ಕಾರ ಬಿತ್ತು. ತಿಂದ ತಿಂಡಿ ಅಷ್ಟರಲ್ಲಿ ಜೀರ್ಣವಾಗಿತ್ತು. ಈ ಪ್ರಸಂಗದ ಮೇಲೆ ಭಾಷ್ಯ ಬರೆಯಬಹುದು, ಆದರೆ ಬರೆದರೆ ಕೆಟ್ಟೀತು.

ದರ್ಶಿನಿಯಲ್ಲಿ ಆ ದಿನಗಳ ಕಲಾಪ ಹೀಗಿತ್ತು.

"ಏನ್ ಮೇಷ್ಟ್ರೇ, ನಮ್ಮೋರ್ನೆಲ್ಲ ಮುಂಬೈಗೆ ಕರ್ಕಂಡೋಗವ್ರಲ್ಲ ನಿಮ್ಮೋರು, ಅಲ್ಲಿ ಕಾಫಿ ಚೆನ್ನಾಗಿರ್ತದಾ?"

"ನಮಗೇನ್ ಗೊತ್ತು ಗೌಡ್ರೇ? ಅವರಾಗೇ ಮಳೆ ನೋಡೋಕೆ ಹೋಗಿದ್ದಾರೆ."

"ಡಿಕೆ ಶಿವಕುಮಾರ್ ಸಾಹೇಬ್ರೂ ಮಳೆ ನೋಡೋಕೇ ಹೋಗಿದ್ರಾ?"

"ಅವರು ರೂಮ್ ಬುಕ್ ಮಾಡಿದ್ರಂತಲ್ಲ, ಹೋಟೆಲ್‌ನೋರು ಕ್ಯಾನ್ಸಲ್ ಮಾಡಿದ್ರಂತೆ. ನೋಡಿ, ನಿಮ್ಮ ಸರ್ಕಾರದ ಮಂತ್ರಿಗೆ ಒಂದು ರೂಮ್ ಸಿಗಲ್ಲ, ನಮಗೆ ಆಶ್ರಯ ಯೋಜನೆ ಮನೆ ಎಲ್ಲಿಂದ ಸಿಗುತ್ತೆ?"

ಗೌಡ್ರಿಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದವರು ದುಡ್ಡು ಕೊಡಬೇಕೆಂಬುದು ಆ ಮೇಜಿನ ಕಾರ್ಯವಿಧಾನ ನಿಯಮಾವಳಿ. ಕೊಟ್ಟರು.

ಇನ್ನು ಪೂರ್ವಪಕ್ಷ, ಅದೂ ಗಟ್ಟಿಯಾದದ್ದು. ನಗುವುದರಿಂದ ಸಿಟ್ಟು ಆರಿಹೋಗುತ್ತದೆ. ಆರಿದ ಸಿಟ್ಟಿನಿಂದ ಯಾರ ಕುರ್ಚಿಯೂ ಅಲುಗುವುದಿಲ್ಲ. ಮತದಾರ ಮೀಮ್ ಕಳಿಸಿ ಮಲಗುತ್ತಾನೆ, ರೆಸಾರ್ಟಿನಲ್ಲಿರುವವರಿಗೆ ಅದಕ್ಕಿಂತ ಒಳ್ಳೆಯ ನಿದ್ದೆ ಬರುತ್ತದೆ. ಆದ್ದರಿಂದ ಬೈಟು ಮೇಜಿನ ಹಾಸ್ಯವೆಂಬುದು ಪ್ರಜಾಪ್ರಭುತ್ವಕ್ಕೆ ಕೊಟ್ಟ ಅರಿವಳಿಕೆ. ಹೀಗೆ ವಾದಿಸುವವರನ್ನು ನಾನು ಲಘುವಾಗಿ ಕಾಣುವುದಿಲ್ಲ. ಅವರು ಹೇಳುವುದರಲ್ಲಿ ಮುಕ್ಕಾಲು ಲೋಟ ನಿಜವಿದೆ.

ಉಳಿದದ್ದಕ್ಕೆ ಉತ್ತರ 2019ರ ಆಗಸ್ಟಿನಲ್ಲಿದೆ. ಯಡಿಯೂರಪ್ಪನವರು ಜುಲೈ 26ರಂದು ಪ್ರಮಾಣವಚನ ಸ್ವೀಕರಿಸಿದರು. ಹದಿನೇಳು ಮಂತ್ರಿಗಳು ಸೇರಿದ್ದು ಆಗಸ್ಟ್ 20ಕ್ಕೆ. ನಡುವೆ ಸಂಪುಟವೆಂದರೆ ಒಬ್ಬರೇ. ಸಂಪುಟದಲ್ಲಿ ಒಮ್ಮತ ಮೂಡಿದ ಅಪರೂಪದ ಕಾಲವದು. ಸರಿಯಾಗಿ ಅದೇ ಹೊತ್ತಿಗೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಉಕ್ಕಿದವು. ಬೆಳಗಾವಿ, ಬಾಗಲಕೋಟೆಗಳಲ್ಲಿ ಊರಿಗೆ ಊರೇ ನೀರಲ್ಲಿ ನಿಂತಿತು. ನೀರು ಬಾರದ ಊರುಗಳ ಮನೆಮನೆಗಳಲ್ಲಿ ಹೆಣ್ಣುಮಕ್ಕಳು ರೊಟ್ಟಿ ಬಡಿಯಲು ಕೂತರು. ಬಿಳಿಜೋಳದ ರೊಟ್ಟಿಯನ್ನು ಒಣಗಿಸಿ ಖಡಕ್ ಮಾಡಿ, ಹಳೆ ಸೀರೆಯ ತುಂಡಿನಲ್ಲಿ ಕಟ್ಟಿ, ಪಕ್ಕದಲ್ಲಿ ಶೇಂಗಾ ಚಟ್ನಿಯ ಪೊಟ್ಟಣ ಸಿಕ್ಕಿಸಿ, ಟ್ರ್ಯಾಕ್ಟರಿಗೂ ಟಂಟಂಗೂ ಏರಿಸಿದರು. ಪರಿಹಾರ ಕೇಂದ್ರವಾಗಿದ್ದ ಒಂದು ಶಾಲೆಯ ವರಾಂಡದಲ್ಲಿ ನಡೆದ ಮಾತೆಂದು ಆ ಕಡೆಯ ಗೆಳೆಯರೊಬ್ಬರು ಹೇಳಿದ್ದು:

"ಯಾವ ಪಾರ್ಟಿಯವ್ರು ಕಳಸ್ಯಾರ ಯಪ್ಪಾ ಈ ರೊಟ್ಟಿ?"

"ಗಂಟಿನ ಮ್ಯಾಲೆ ಫೋಟೋ ಇಲ್ಲ ನೋಡಬೇ. ಅಂದ್ರ ಯಾರೋ ಮನಿಯವ್ರ ಬಡದಿದ್ದು, ತಿನ್ನು."

ಮನೆ ಕಳೆದುಕೊಂಡು ಮೂರು ದಿನವಾದವರ ಬಾಯಲ್ಲಿ ಇಷ್ಟು ಚೊಕ್ಕ ರಾಜಕೀಯ ವಿಮರ್ಶೆ ಹುಟ್ಟಿದ್ದನ್ನು ಅರಿವಳಿಕೆ ಎನ್ನಲು ನನಗೆ ನಾಲಗೆ ಬರುವುದಿಲ್ಲ.

ನಮ್ಮ ಬಡಾವಣೆಯಲ್ಲಿ ಕಂಬಳಿ, ಪಾತ್ರೆ ಸಂಗ್ರಹಕ್ಕೆ ಹೊರಟವರು ಗೌಡ್ರು ಮತ್ತು ಮೇಷ್ಟ್ರು. ಜೊತೆಯಾಗಿಯೇ ಹೋಗಬೇಕೆಂಬ ಯೋಚನೆ ಗೌಡ್ರದು. ಅದರ ಹಿಂದಿನ ತರ್ಕ ನ್ಯಾಯಶಾಸ್ತ್ರದಲ್ಲೂ ಸಿಗಲಾರದು: ಮೇಷ್ಟ್ರು ಒಬ್ಬರೇ ಹೋದರೆ ಅರ್ಧ ಬೀದಿ ಬಾಗಿಲು ತೆಗೆಯುವುದಿಲ್ಲ, ತಾವೊಬ್ಬರೇ ಹೋದರೆ ಇನ್ನರ್ಧ ತೆಗೆಯುವುದಿಲ್ಲ, ಇಬ್ಬರೂ ಒಟ್ಟಿಗೆ ನಿಂತರೆ 'ನೀವು ಆ ಪಾರ್ಟಿ' ಎಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಹಾಗೇ ಆಯಿತು. ಗೇಟಿನ ಮುಂದೆ ಇಬ್ಬರೂ ಒಬ್ಬರ ಕಾಲನ್ನೊಬ್ಬರು ಎಳೆಯುತ್ತ ನಿಂತರೆ ಮನೆಯವರು ನಗುತ್ತ ಒಳಗೆ ಹೋಗಿ ಅಟ್ಟದಿಂದ ಕಂಬಳಿ ಇಳಿಸುತ್ತಿದ್ದರು. ತಮ್ಮೊಳಗೇ ಜಗಳವಾಡಿಕೊಂಡು ಮಾತು ಬಿಟ್ಟವರಾಗಿದ್ದರೆ ಆ ಮೂಟೆಯ ಇನ್ನೊಂದು ತುದಿ ಹಿಡಿಯಲು ಯಾರೂ ಇರುತ್ತಿರಲಿಲ್ಲ. ಸಿದ್ಧಾಂತವೆಂದು ಹೇಳುವುದಕ್ಕೆ ನನ್ನ ಬಳಿ ಇರುವುದು ಇಷ್ಟೇ, ಇದಕ್ಕಿಂತ ದೊಡ್ಡದನ್ನು ಬೈಟುವಿನಿಂದ ಹಿಂಡಲಾಗದು.

ಪೂರ್ವಪಕ್ಷಿಗಳು ಡಿಸೆಂಬರಿನಲ್ಲಿ ಮತ್ತೆ ಎದ್ದು ನಿಂತರು. 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದು ಬಿಜೆಪಿ 12 ಗೆದ್ದಿತು. ಅಂಚಿನಿಂದ ಜಾರಿ ಶಾಸಕಸ್ಥಾನಕ್ಕೆ ಅನರ್ಹರಾಗಿ, ಹೆಸರೆತ್ತಿದರೆ ಜನ ನಗುವಂತಾಗಿದ್ದವರಲ್ಲಿ 13 ಮಂದಿ ಮತ್ತೆ ನಿಂತು 11 ಮಂದಿ ಗೆದ್ದು ಬಂದರು. ಹುಣಸೂರಿನಲ್ಲಿ ವಿಶ್ವನಾಥ್, ಹೊಸಕೋಟೆಯಲ್ಲಿ ಎಂಟಿಬಿ ನಾಗರಾಜ್ ಮಾತ್ರ ಸೋತರು. ನಕ್ಕವರೂ ಮತದಾರರೇ, ಗುಂಡಿ ಒತ್ತಿದವರೂ ಅವರೇ. ಶಾಸ್ತ್ರದಲ್ಲಿ ಇದಕ್ಕೆ ಸಮಾಧಾನವಿಲ್ಲ, ಹುಡುಕಿದ್ದೇನೆ.

ಫಲಿತಾಂಶದ ಮರುದಿನ ಗೌಡ್ರು ದರ್ಶಿನಿಗೆ ಮೊದಲೇ ಬಂದು ನಿಂತಿದ್ದರು. ಮೇಷ್ಟ್ರು ಬಂದು ಯಥಾಪ್ರಕಾರ ಟೋಕನ್ನಿಗೆ ಕೈ ಚಾಚಿದರು.

"ಬೈಟು ಆಗಾಕಿಲ್ಲ ಮೇಷ್ಟ್ರೇ. ಗೆದ್ದಿದ್ದೀರಿ, ಇವತ್ತು ನನಗೊಂದು ಫುಲ್ ಕೊಡಿಸಬೇಕು."

"ಕೊಡಿಸೋಣ ಗೌಡ್ರೇ, ಎಲ್ಲಿಗೆ ಹೋಗುತ್ತೆ. ಮೊದಲು ಸಂಪುಟ ವಿಸ್ತರಣೆ ಆಗ್ಲಿ."

ವಿಸ್ತರಣೆ ಆದದ್ದು 2020ರ ಫೆಬ್ರವರಿ 6ರಂದು. ಅಲ್ಲಿಯವರೆಗೂ ಬೈಟೇ.