ಎರಡನೇ ನೀರಿನ ಮರ್ಯಾದೆ

ಮನೆಗೆ ಬಂದವರ ಯೋಗ್ಯತೆ ಅಳೆಯಲು ನಮ್ಮಮ್ಮನ ಹತ್ತಿರ ಒಂದು ಮಾಪಕವಿತ್ತು. ಅದರ ಹೆಸರು ಕಾಫಿ ಫಿಲ್ಟರು. ಬೀಗರಿಗೆ ಮೊದಲನೇ ಡಿಕಾಕ್ಷನ್ನು, ಸಾಲ ಕೇಳಲು ಬಂದ ದಾಯಾದಿಗೆ ಎರಡನೇದು. ಮೂರನೇದು ಇಳಿದದ್ದು ಒಂದೇ ಒಂದು ಸಲ, ಚೀಟಿ ಎತ್ತಿ ಕಂತು ಕಟ್ಟದೆ ತಲೆತಪ್ಪಿಸಿಕೊಂಡಿದ್ದ ಪುಣ್ಯಾತ್ಮನಿಗೆ. ಆತ ಲೋಟ ಕೆಳಗಿಟ್ಟು, "ಬಿಸಿನೀರು ಹದವಾಗಿದೆ ಅಕ್ಕ" ಎಂದು ಹೇಳಿ ಹೋದ.

ಇಂಥ ಮನೆಯಲ್ಲಿ ಬೆಳೆದ ನನಗೆ, ಚೀನಾದ ಶಿಯಾಮೆನ್‌ನಲ್ಲಿ ಕೆಲಸದ ಮೇಲಿದ್ದು ಬಂದ ಭಾವಮೈದುನ ಒಂದೇ ಹಿಡಿ ಚಹಾ ಎಲೆಗೆ ಏಳು ಸಲ ನೀರು ಹುಯ್ದು ಕುಡಿಸಿದಾಗ ಹೇಗಾಗಿರಬೇಡ! ಗೌರಿ ಹಬ್ಬಕ್ಕೆ ಅವನಕ್ಕನಿಗೆ ಸೀರೆ ತರದಿದ್ದದ್ದು ಅವನಿಗೆ ಗೊತ್ತಾಗಿಹೋಯಿತೇ ಎಂದು ಒಳಗೊಳಗೇ ಅಳುಕಿದೆ.

ಅವನು ತಂದದ್ದು ಟಿಯೆಗ್ವಾನ್‌ಯಿನ್, ಫ್ಯೂಜಿಯನ್ ಪ್ರಾಂತ್ಯದ ಆನ್‌ಶಿ ಸೀಮೆಯ ಊಲಾಂಗ್ ಚಹಾ. ನೋಡಲು ಪುಟ್ಟ ಕಡಲೆಕಾಳಿನಂಥ ಹಸಿರು ಉಂಡೆಗಳು. ಗೈವಾನ್ ಎಂಬ ಮುಚ್ಚಳದ ಬಟ್ಟಲಿಗೆ ಏಳು ಗ್ರಾಂ ಹಾಕಿ, ಕುದಿಯುವ ನೀರು ಸುರಿದು, ನಾವು ಕಣ್ಣು ಮಿಟುಕಿಸುವಷ್ಟರಲ್ಲಿ ಅಷ್ಟನ್ನೂ ಚೆಲ್ಲಿಬಿಟ್ಟ.

"ಅಯ್ಯೋ, ಬೀಗರ ಪಾಲನ್ನೇ ಚೆಲ್ಲಿದೆಯಲ್ಲೋ!" ಎಂದು ನನ್ನವಳು ಕೂಗಿಕೊಂಡಳು.

"ಅದು ಎಲೆಗೆ ಸ್ನಾನ ಅಕ್ಕ. ಕುಡಿಯೋದು ಇನ್ನು ಮೇಲೆ."

ಮತ್ತೆ ನೀರು, ಇಪ್ಪತ್ತು ಸೆಕೆಂಡು, ಬಗ್ಗಿಸು. ಕಪ್ಪೋ, ಎರಡು ಗುಟುಕಿನದು. ಬಲಗೈ ತಾನಾಗಿ ಗೋಕರ್ಣವಾಯಿತು. ಕುಡಿದ ಮೇಲೆ ಅಂಗೈಯನ್ನು ತಲೆಗೆ ಒರೆಸಿಕೊಳ್ಳುವುದೊಂದು ಬಾಕಿ. ಮೊದಲನೇದರಲ್ಲಿ ಬರೀ ಹೂವಿನ ಘಮ. ಎರಡು, ಮೂರಕ್ಕೆ ಬಾಯಿ ತುಂಬುವ ರುಚಿ. ಮೊದಲನೇದು ನೀರು, ಎರಡನೇದು ಚಹಾ, ಮೂರು ನಾಲ್ಕರಲ್ಲಿದೆ ಸಾರ ಎಂದು ಅಲ್ಲಿಯವರು ಹೇಳುತ್ತಾರಂತೆ. ಆಮೇಲಾಮೇಲೆ ಒಂದೊಂದು ಸುತ್ತಿಗೂ ಹೊತ್ತು ಹೆಚ್ಚಿಸುತ್ತಾ ಹೋದ. ಏಳನೇದು ಎಳನೀರಿನಷ್ಟು ತಿಳಿ, ಆದರೂ ನಾಲಿಗೆಯ ತುದಿಯಲ್ಲಿ ಸಿಹಿ ಉಳಿಯಿತು. ಬಟ್ಟಲೊಳಗೆ ಕಡಲೆಕಾಳುಗಳೆಲ್ಲ ಮೈಮುರಿದು, ತೊಟ್ಟಿನ ಸಮೇತ ಹೆಬ್ಬೆಟ್ಟಿನುದ್ದದ ಎಲೆಗಳಾಗಿ ಮುಚ್ಚಳವನ್ನೇ ಎತ್ತುತ್ತಿದ್ದವು. ನನ್ನವಳು ಬಗ್ಗಿ ನೋಡಿ, "ಇಷ್ಟೊಂದು ಸೊಪ್ಪು! ಬೇಳೆ ಹಾಕಿದರೆ ರಾತ್ರಿಗೆ ಹುಳಿಯಾಗುತ್ತೆ" ಎಂದಳು.

ಇದರಿಂದ ಉತ್ಸಾಹ ಬಂದು ಮರುದಿನ ಬೆಳಿಗ್ಗೆ ನಮ್ಮ ಮಾಮೂಲಿ ಚಹಾಪುಡಿಯ ಚರಟಕ್ಕೆ ಎರಡನೇ ನೀರು ಹುಯ್ದೆ. ಬಂದದ್ದು ಮಳೆಗಾಲದ ಚರಂಡಿಯ ಬಣ್ಣ, ರುಚಿಯೂ ಹೆಚ್ಚುಕಡಿಮೆ ಅದರದ್ದೇ. ಪುಡಿಯನ್ನು ಬೈಯುವಂತಿಲ್ಲ. ಅದು ಸಿಟಿಸಿ, 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಹುಟ್ಟಿದ ಯಂತ್ರದ ಕೂಸು. ಎಲೆಯನ್ನು ಜಜ್ಜಿ, ಹರಿದು, ಉರುಟಿಸಿ ಕಾಳು ಮಾಡುವುದರಿಂದ ಒಳಗಿದ್ದದ್ದೆಲ್ಲ ಬಾಗಿಲಲ್ಲೇ ಬಂದು ನಿಂತಿರುತ್ತದೆ. ಒಂದು ಕುದಿಗೆ ಬಣ್ಣ, ಖಡಕ್ಕು, ಒಗರು ಎಲ್ಲ ಹೊರಗೆ. ಹಾಲು ಸಕ್ಕರೆಗೆ ಎದುರು ನಿಲ್ಲಬೇಕಾದರೆ ಹಾಗೇ ಇರಬೇಕು. ಇಡೀ ಎಲೆಯಲ್ಲಾದರೆ ನೀರು ಒಳಹೊಕ್ಕು, ಸುರುಳಿ ಬಿಚ್ಚಿ, ರುಚಿಯನ್ನು ಕಂತಿನಲ್ಲಿ ಹೊರತರಬೇಕು. ಸಂಬಳದ ದಿನವೇ ಜೇಬು ಖಾಲಿ ಮಾಡುವ ನನ್ನ ಜಾತಿಯದು ಪುಡಿ. ತಿಂಗಳ ಕೊನೆಯಲ್ಲೂ ಸಾಸಿವೆ ಡಬ್ಬಿಯಿಂದ ನೂರರ ನೋಟು ತೆಗೆಯುವ ನನ್ನವಳ ಜಾತಿಯದು ಎಲೆ.

ಹಾಗಂತ ಅತಿಯಾಸೆ ಬೇಡ. ನೆನೆದ ಎಲೆಯನ್ನು ನಮ್ಮ ಸೆಕೆಯಲ್ಲಿ ನಾಳೆಗೆಂದು ಎತ್ತಿಡಬಾರದು. ಅವತ್ತಿನದು ಅವತ್ತೇ ಮುಗಿಸಿ, ಉಳಿದದ್ದನ್ನು ಗುಲಾಬಿ ಕುಂಡಕ್ಕೆ ಹಾಕಿ.

ಇನ್ನು ಯಾರ ಮನೆಯಲ್ಲಾದರೂ ಎರಡನೇ ನೀರಿನ ಚಹಾ ಕೊಟ್ಟರೆ ತಕ್ಷಣ ಮುಖ ಸಿಂಡರಿಸಬೇಡಿ. ಪಾತ್ರೆಯೊಳಗೆ ಒಮ್ಮೆ ಇಣುಕಿ. ಎಲೆ ಕಂಡರೆ ಚಕ್ಕಳಮಕ್ಕಳ ಹಾಕಿ ಮೂರನೇದಕ್ಕೂ ಕೂತಿರಿ. ಪುಡಿ ಕಂಡರೆ ಚಪ್ಪಲಿ ಎಲ್ಲಿ ಬಿಟ್ಟಿದ್ದಿರಿ ನೋಡಿಕೊಳ್ಳಿ.